ಕತ್ತಿಗೆ ತಾಮ್ರ ಅಂಟುತ್ತದಾ? ಯಾವ ಲೋಹ ಯಾವುದನ್ನು ಹೊರಗೆ ಹಾಕುತ್ತದೆ ಎಂದು ಮೊದಲೇ ಹೇಳುವ ವಿಧಾನ

ಅಡಿಕೆ ತೋಟದವರಿಗೆ ಈ ಪರೀಕ್ಷೆ ಗೊತ್ತು. ಮಳೆಗಾಲಕ್ಕೆ ಕೊಳೆರೋಗದ ಭಯ, ಅದಕ್ಕೆ ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಕಲಸಿದ ಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕೆಂಪಗೆ ಏನಾದರೂ ಅಂಟಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕತ್ತಿ ಹಾಗೇ ಹೊಳೆಯುತ್ತಿದ್ದರೆ ಕೊನೆಗೌಡನಿಗೆ ಮರ ಹತ್ತಲು ಹೇಳಬಹುದು.

ಆ ಕೆಂಪು ಬಣ್ಣ ತುಕ್ಕಲ್ಲ, ತಾಮ್ರ. ಕತ್ತಿಯ ಕಬ್ಬಿಣ ನೀರಿಗೆ ಇಳಿಯಿತು, ನೀರಿನಲ್ಲಿದ್ದ ತಾಮ್ರ ಕತ್ತಿಯ ಮೇಲೆ ಬಂದು ಕೂತಿತು. ಹತ್ತನೇ ಕ್ಲಾಸಿನಲ್ಲಿ ಮೊಳೆ ಹಾಕಿ ತೋರಿಸುವ ಸ್ಥಾನಪಲ್ಲಟ ಕ್ರಿಯೆ ಇದೇ. ಅಲ್ಲಿ ಕ್ರಿಯಾಶೀಲತೆಯ ಸರಣಿಯನ್ನು ಬಾಯಿಪಾಠ ಮಾಡಿಸುತ್ತಾರೆ, ಮೇಲಿರುವ ಲೋಹ ಕೆಳಗಿರುವುದನ್ನು ಹೊರಹಾಕುತ್ತದೆ ಎನ್ನುತ್ತಾರೆ, ಅಷ್ಟಕ್ಕೆ ಮುಗಿಯಿತು. ಆದರೆ ಸರಣಿ ಬರೀ ಹೌದು-ಇಲ್ಲ ಹೇಳುತ್ತದೆ. ಎಷ್ಟು ಜೋರಾಗಿ, ಎಲ್ಲಿಯ ತನಕ, ದ್ರಾವಣ ತೆಳುವಾದರೆ ಏನಾಗುತ್ತದೆ ಎಂಬುದಕ್ಕೆ ಸಂಖ್ಯೆ ಬೇಕು. ಆ ಸಂಖ್ಯೆ ವೋಲ್ಟ್‌ನಲ್ಲಿ ಬರುತ್ತದೆ. ಪಿಯುಸಿ ಎರಡನೇ ವರ್ಷದ ವಿದ್ಯುತ್ ರಸಾಯನಶಾಸ್ತ್ರದಲ್ಲಿ ಇದೆಲ್ಲ ಇದೆ, ಆದರೆ ಅಲ್ಲಿ ಸೂತ್ರಕ್ಕೆ ಸಂಖ್ಯೆ ತುಂಬುವುದರಲ್ಲೇ ಸುಸ್ತಾಗಿ ಕತ್ತಿಯ ವಿಷಯ ಮರೆತುಹೋಗುತ್ತದೆ. ನಾವು ಕತ್ತಿಯನ್ನು ಬಿಡದೆ ಹೋಗೋಣ.

ಹೆಜ್ಜೆ 1: ಯಾರು ಲೋಹ, ಯಾರು ಅಯಾನು ಎಂದು ಬರೆದುಕೊಳ್ಳಿ

ಸುಮ್ನೆ ಅನ್ನಿಸುತ್ತದೆ, ಆದರೆ ಅರ್ಧ ತಪ್ಪುಗಳು ಇಲ್ಲೇ ಆಗುವುದು. ಕತ್ತಿಯ ವಿಷಯದಲ್ಲಿ ಗಟ್ಟಿ ಲೋಹವಾಗಿ ಇರುವುದು ಕಬ್ಬಿಣ. ನೀರಿನಲ್ಲಿ ಕರಗಿ ಅಯಾನಾಗಿ, ಅಂದರೆ ವಿದ್ಯುದಂಶ ಹೊತ್ತ ಪರಮಾಣುವಾಗಿ, ಇರುವುದು ತಾಮ್ರ. ಸಲ್ಫೇಟ್ ಪ್ರೇಕ್ಷಕ, ಅದನ್ನು ಬಿಟ್ಟುಬಿಡಿ.

ಕಬ್ಬಿಣ → ಕಬ್ಬಿಣ²⁺ + 2 ಎಲೆಕ್ಟ್ರಾನ್
ತಾಮ್ರ²⁺ + 2 ಎಲೆಕ್ಟ್ರಾನ್ → ತಾಮ್ರ

ಮೊದಲನೆಯದು ಉತ್ಕರ್ಷಣ, ಅಂದರೆ ಎಲೆಕ್ಟ್ರಾನ್ ಬಿಡುವುದು. ಎರಡನೆಯದು ಅಪಕರ್ಷಣ, ಪಡೆಯುವುದು. ನಿಮ್ಮ ಹತ್ತಿರ ಇರುವುದು ತಾಮ್ರದ ತುಂಡು ಮತ್ತು ಕಬ್ಬಿಣದ ಉಪ್ಪಿನ ನೀರು ಆಗಿದ್ದರೆ ಪ್ರಶ್ನೆಯೇ ಬೇರೆ. ಸ್ಥಾನಪಲ್ಲಟದಲ್ಲಿ ಲೋಹ ಲೋಹದ ಜೊತೆ, ಅಯಾನು ಅಯಾನಿನ ಜೊತೆ ಏನೂ ಮಾಡುವುದಿಲ್ಲ. ಬಿಡಲು ಒಬ್ಬರು, ಪಡೆಯಲು ಒಬ್ಬರು ಬೇಕೇ ಬೇಕು.

ಹೆಜ್ಜೆ 2: ವಿಭವದ ಪಟ್ಟಿ

ಇವು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 1 ಮೋಲಾರ್ (ಲೀಟರಿಗೆ 1 ಮೋಲ್ ಅಯಾನು) ದ್ರಾವಣಕ್ಕೆ ಲೆಕ್ಕ ಹಾಕಿದ ಪ್ರಮಾಣಿತ ಅಪಕರ್ಷಣ ವಿಭವಗಳು. ಹೈಡ್ರೋಜನ್ನನ್ನು ಸೊನ್ನೆ ಎಂದು ಇಟ್ಟುಕೊಂಡು ಉಳಿದವರನ್ನು ಅಳೆದಿದ್ದಾರೆ.

ಮೆಗ್ನೀಸಿಯಂ²⁺ : −2.37 ವೋಲ್ಟ್
ಅಲ್ಯೂಮಿನಿಯಂ³⁺ : −1.66
ಸತು²⁺ : −0.76
ಕಬ್ಬಿಣ²⁺ : −0.44
ಕೋಬಾಲ್ಟ್²⁺ : −0.28
ನಿಕ್ಕಲ್²⁺ : −0.25
ತವರ²⁺ : −0.14
ಸೀಸ²⁺ : −0.13
ಹೈಡ್ರೋಜನ್⁺ : 0.00
ತಾಮ್ರ²⁺ : +0.34
ಬೆಳ್ಳಿ⁺ : +0.80
ಚಿನ್ನ³⁺ : +1.50

ಸಂಖ್ಯೆ ಜಾಸ್ತಿ ಇದ್ದಷ್ಟೂ ಆ ಅಯಾನಿಗೆ ಎಲೆಕ್ಟ್ರಾನ್ ಮೇಲೆ ಆಸೆ ಜಾಸ್ತಿ, ಲೋಹವಾಗಿ ಹೊರಬರುವ ಆತುರ ಜಾಸ್ತಿ. ಕಡಿಮೆ ಇದ್ದಷ್ಟೂ ಆ ಲೋಹ ಎಲೆಕ್ಟ್ರಾನ್ ಬಿಟ್ಟು ನೀರಿಗಿಳಿಯಲು ತಯಾರು. ಕೆಲವು ಹಳೆಯ ಪುಸ್ತಕಗಳಲ್ಲಿ ಉತ್ಕರ್ಷಣ ವಿಭವ ಕೊಟ್ಟಿರುತ್ತಾರೆ, ಅಲ್ಲಿ ಪ್ಲಸ್ ಮೈನಸ್ ಎಲ್ಲಾ ತಿರುಗುಮುರುಗು. ಪಟ್ಟಿ ಕೈಗೆ ಬಂದ ತಕ್ಷಣ ಸತುವಿನ ಚಿಹ್ನೆ ನೋಡಿ. ಮೈನಸ್ ಇದ್ದರೆ ಅದು ಅಪಕರ್ಷಣದ ಪಟ್ಟಿ.

ಹೆಜ್ಜೆ 3: ಕಳೆಯಿರಿ, ಗುಣಿಸಬೇಡಿ

ಅಯಾನಿನ ವಿಭವದಿಂದ ಲೋಹದ ವಿಭವ ಕಳೆಯಿರಿ. ಎರಡನ್ನೂ ಪಟ್ಟಿಯಲ್ಲಿ ಇದ್ದ ಹಾಗೇ, ಚಿಹ್ನೆ ಸಮೇತ ಇಟ್ಟುಕೊಂಡು.

ಕತ್ತಿ ಮತ್ತು ಮೈಲುತುತ್ತ: 0.34 − (−0.44) = +0.78 ವೋಲ್ಟ್. ಪ್ಲಸ್ ಬಂತು, ಕ್ರಿಯೆ ನಡೆಯುತ್ತದೆ.

ಬೆಳ್ಳಿ ಚಮಚ ಮತ್ತು ಮೈಲುತುತ್ತ: 0.34 − 0.80 = −0.46. ಮೈನಸ್. ವಾರಗಟ್ಟಲೆ ಇಟ್ಟರೂ ಚಮಚಕ್ಕೆ ತಾಮ್ರ ಅಂಟುವುದಿಲ್ಲ. ಉಲ್ಟಾ ಮಾಡಿ, ತಾಮ್ರದ ತಂತಿಯನ್ನು ಬೆಳ್ಳಿ ನೈಟ್ರೇಟ್‌ಗೆ ಹಾಕಿದರೆ +0.46. ತಂತಿಯ ಮೇಲೆ ಬೆಳ್ಳಿ ಜರಿಗಿಡದ ಹಾಗೆ ಬೆಳೆಯುತ್ತದೆ, ನೀರು ನಿಧಾನಕ್ಕೆ ನೀಲಿಯಾಗುತ್ತದೆ. ನೋಡಲು ಇದಕ್ಕಿಂತ ಚೆಂದದ ಪ್ರಯೋಗ ಇಲ್ಲ, ಖರ್ಚು ಮಾತ್ರ ಸ್ವಲ್ಪ ಜಾಸ್ತಿ.

ಇಲ್ಲಿ ಒಂದು ಹಳ್ಳ ಇದೆ. ಒಂದು ತಾಮ್ರದ ಪರಮಾಣು ಎರಡು ಎಲೆಕ್ಟ್ರಾನ್ ಬಿಡುತ್ತದೆ, ಒಂದು ಬೆಳ್ಳಿ ಅಯಾನಿಗೆ ಒಂದೇ ಸಾಕು. ಹಾಗಾಗಿ ಸಮೀಕರಣದಲ್ಲಿ ಬೆಳ್ಳಿಯನ್ನು 2ರಿಂದ ಗುಣಿಸಬೇಕು. ಅದನ್ನು ನೋಡಿ 0.80ನ್ನೂ 2ರಿಂದ ಗುಣಿಸಿ 1.60 ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ವೋಲ್ಟ್ ಎಂದರೆ ನೀರಿನ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎಂಬ ಹಾಗೆ. ಎರಡು ಕೊಡ ನೀರು ಬಿಟ್ಟರೆ ಟ್ಯಾಂಕ್ ಎರಡು ಪಟ್ಟು ಎತ್ತರಕ್ಕೆ ಹೋಗುವುದಿಲ್ಲ ಅಲ್ವಾ? ಗುಣಿಸಬೇಕಾದದ್ದು ಶಕ್ತಿಯನ್ನು, ವೋಲ್ಟನ್ನಲ್ಲ.

ಹೆಜ್ಜೆ 4: ಪ್ಲಸ್ ಎಂದರೆ ಎಷ್ಟು ಪ್ಲಸ್?

+0.01 ಕೂಡ ಪ್ಲಸ್, +1.10 ಕೂಡ ಪ್ಲಸ್. ಆದರೆ ಎರಡಕ್ಕೂ ಅಜಗಜಾಂತರ. ಕ್ರಿಯೆ ಎಲ್ಲಿಯ ತನಕ ಹೋಗಿ ನಿಲ್ಲುತ್ತದೆ ಎಂದು ಸಮತೋಲನ ಸ್ಥಿರಾಂಕ ಹೇಳುತ್ತದೆ. ಅದನ್ನು ತೆಗೆಯುವುದು ಹೀಗೆ:

ಸ್ಥಿರಾಂಕದ ಲಾಗ್ = (ಎಲೆಕ್ಟ್ರಾನ್ ಸಂಖ್ಯೆ × ವೋಲ್ಟ್) ÷ 0.059

ಕತ್ತಿಗೆ: 2 × 0.78 ÷ 0.059, ಸುಮಾರು 26. ಅಂದರೆ ಸ್ಥಿರಾಂಕ 10ರ ಘಾತ 26, ಒಂದರ ಮುಂದೆ 26 ಸೊನ್ನೆ. 100 ಲೀಟರ್‌ಗೆ 1 ಕೆಜಿ ಮೈಲುತುತ್ತ ಎಂದರೆ ಸುಮಾರು 0.04 ಮೋಲಾರ್. ಸುಣ್ಣ ಹಾಕದೆ ಆ ಡ್ರಮ್‌ಗೆ ಬೇಕಾದಷ್ಟು ಕಬ್ಬಿಣ ಹಾಕಿ ಬಿಟ್ಟರೆ, ಲೆಕ್ಕದ ಪ್ರಕಾರ ಕೊನೆಗೆ ಇಡೀ ಡ್ರಮ್‌ನಲ್ಲಿ ಒಂದೇ ಒಂದು ತಾಮ್ರದ ಅಯಾನೂ ಉಳಿಯಬಾರದು. ಕಾಗದದ ಮೇಲಿನ ಮಾತು ಇದು, ಆದರೆ ಬಲ ಎಷ್ಟೆಂದು ಗೊತ್ತಾಗುತ್ತದೆ. ಗಣಿಗಳ ತಾಮ್ರದ ನೀರನ್ನು ಗುಜರಿ ಕಬ್ಬಿಣದ ಮೇಲೆ ಹರಿಸಿ ತಾಮ್ರ ಹಿಡಿಯುವ ಹಳೆಯ ವಿಧಾನ ನಿಂತಿರುವುದೂ ಇದರ ಮೇಲೆಯೇ.

ತೂಕದ ಲೆಕ್ಕವೂ ಇಲ್ಲೇ ಮುಗಿಸಿಬಿಡಿ. 55.8 ಗ್ರಾಂ ಕಬ್ಬಿಣ ಕರಗಿದರೆ 63.5 ಗ್ರಾಂ ತಾಮ್ರ ಬರುತ್ತದೆ, ಹಾಗಾಗಿ ಮೊಳೆಯ ತೂಕ ಏರುತ್ತದೆ. ಸತುವಾದರೆ 65.4 ಗ್ರಾಂ ಹೋಗಿ 63.5 ಬರುತ್ತದೆ, ತೂಕ ಸ್ವಲ್ಪ ಇಳಿಯುತ್ತದೆ.

ಈಗ ತವರ ಮತ್ತು ಸೀಸ. ತವರದ ತುಂಡು, ಸೀಸದ ಉಪ್ಪಿನ ದ್ರಾವಣ: −0.13 − (−0.14) = +0.01. ಕ್ರಿಯಾಶೀಲತೆಯ ಸರಣಿ ಇಲ್ಲಿ ಎದೆ ತಟ್ಟಿಕೊಂಡು "ತವರ ಸೀಸವನ್ನು ಹೊರಹಾಕುತ್ತದೆ" ಎನ್ನುತ್ತದೆ. ಲೆಕ್ಕ ಮಾಡಿದರೆ ಸ್ಥಿರಾಂಕ ಸುಮಾರು 2. ದ್ರಾವಣದಲ್ಲಿ ತವರದ ಅಯಾನು ಸೀಸದ ಎರಡು ಪಟ್ಟು ಆಗುವಷ್ಟರಲ್ಲಿ ಕ್ರಿಯೆ ನಿಂತೇ ಹೋಗುತ್ತದೆ. ಮೊದಲೇ ತವರದ ಅಯಾನು ಹತ್ತು ಪಟ್ಟು ಇದ್ದರೆ ಸೀಸವೇ ಕರಗಿ ತವರ ಹೊರಬರುವ ದಿಕ್ಕು ಹಿಡಿಯುತ್ತದೆ. ಸರಣಿಯನ್ನು ಮಾತ್ರ ನಂಬಿದವರು ಮೋಸ ಹೋಗುವ ಜಾಗ ಇದು.

ಹೆಜ್ಜೆ 5: ನಿಮ್ಮ ದ್ರಾವಣ 1 ಮೋಲಾರ್ ಅಲ್ಲ

ಪಟ್ಟಿಯ ಸಂಖ್ಯೆ 1 ಮೋಲಾರ್‌ಗೆ. ನಿಮ್ಮ ಡ್ರಮ್‌ನಲ್ಲಿ ಇರುವುದು 0.04. ಈ ತಿದ್ದುಪಡಿಗೇ ವಾಲ್ಟರ್ ನೆರ್ನ್ಸ್ಟ್ 1889ರಲ್ಲಿ ಸಮೀಕರಣ ಕೊಟ್ಟದ್ದು. ಒಂದು ಅಯಾನಿಗೆ ಅದು ಹೀಗೆ ಇಳಿಯುತ್ತದೆ:

ಈಗಿನ ವಿಭವ = ಪಟ್ಟಿಯ ವಿಭವ + (0.059 ÷ ಎಲೆಕ್ಟ್ರಾನ್ ಸಂಖ್ಯೆ) × ಲಾಗ್ (ಅಯಾನಿನ ಸಾಂದ್ರತೆ)

ತಾಮ್ರಕ್ಕೆ: 0.34 + 0.0295 × ಲಾಗ್ 0.04. ಲಾಗ್ 0.04 ಎಂದರೆ ಸುಮಾರು −1.4. ಹಾಗಾಗಿ 0.34 − 0.04 = 0.30. ಇಪ್ಪತ್ತೈದು ಪಟ್ಟು ತೆಳು ಮಾಡಿದರೂ ಬರೀ 0.04 ವೋಲ್ಟ್ ಇಳಿಯಿತು, ನೋಡಿ.

ಇದನ್ನು ಬಾಯಿಲೆಕ್ಕ ಮಾಡಿಕೊಳ್ಳಬಹುದು. ಎರಡು ಚಾರ್ಜ್ ಇರುವ ಅಯಾನನ್ನು ಹತ್ತು ಪಟ್ಟು ತೆಳು ಮಾಡಿದರೆ 0.03 ವೋಲ್ಟ್ ಇಳಿಯುತ್ತದೆ, ಒಂದು ಚಾರ್ಜ್ ಇದ್ದರೆ 0.06. ಹಾಗಾಗಿ ನಾನು ಮಾಡುವುದು ಇಷ್ಟು: ವ್ಯತ್ಯಾಸ 0.3 ವೋಲ್ಟ್‌ಗಿಂತ ಜಾಸ್ತಿ ಬಂದರೆ ಸಾಂದ್ರತೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ದಿಕ್ಕು ಬದಲಾಗಬೇಕಾದರೆ ಸಾಂದ್ರತೆಯಲ್ಲಿ 10ರ ಘಾತ 10ರಷ್ಟು ಪಟ್ಟು ವ್ಯತ್ಯಾಸ ಬೇಕು. 0.1ಕ್ಕಿಂತ ಕಡಿಮೆ ಬಂದರೆ ಪೆನ್ನು ತೆಗೆದು ಕೂರುತ್ತೇನೆ. ನಡುವೆ ಬಂದರೆ ಆ ದಿನದ ಮೂಡಿನ ಮೇಲೆ!

ಹೆಜ್ಜೆ 6: ಲೋಟದಲ್ಲಿ ಇನ್ನೂ ಯಾರಿದ್ದಾರೆ?

ಪರೀಕ್ಷೆಯ ಪ್ರಶ್ನೆಯಲ್ಲಿ ಇಬ್ಬರೇ ಇರುತ್ತಾರೆ. ನಿಜವಾದ ಲೋಟದಲ್ಲಿ ನೀರು ಇದೆ, ಆಮ್ಲ ಇರಬಹುದು, ಗಾಳಿ ಇದೆ, ಮತ್ತೊಂದು ಅಯಾನು ಇರಬಹುದು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಮೊದಲು ನೀರು. ಸೋಡಿಯಂ −2.71. ತಾಮ್ರದಿಂದ ಕಳೆದರೆ +3.05 ವೋಲ್ಟ್, ಭರ್ಜರಿ. ಆದರೆ ಸೋಡಿಯಂ ತುಂಡನ್ನು ಮೈಲುತುತ್ತದ ನೀರಿಗೆ ಹಾಕಿದರೆ ಕೆಂಪು ತಾಮ್ರ ಸಿಗುವುದಿಲ್ಲ. ಅದು ಮೊದಲು ನೀರಿನ ಮೇಲೇ ಬೀಳುತ್ತದೆ. ಹೈಡ್ರೋಜನ್ ಬರುತ್ತದೆ, ಬೆಂಕಿ ಹತ್ತಬಹುದು, ಉಳಿದ ಕ್ಷಾರ ತಾಮ್ರವನ್ನು ನೀಲಿ ಹೈಡ್ರಾಕ್ಸೈಡ್ ಮಾಡಿ ತಳಕ್ಕೆ ಇಳಿಸುತ್ತದೆ. ಮನೆಯಲ್ಲಿ ಮಾಡಬೇಡಿ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಕೂಡ ಹಾಗೆಯೇ. ಮೆಗ್ನೀಸಿಯಂ ಅರ್ಧ-ಅರ್ಧ: ತಾಮ್ರವೂ ಬರುತ್ತದೆ, ಜೊತೆಗೆ ಗುಳ್ಳೆಗಳೂ ಏಳುತ್ತವೆ.

ಆಮೇಲೆ ಒಂದೇ ಲೋಹದ ಎರಡು ಅಯಾನುಗಳು. ಕಬ್ಬಿಣಕ್ಕೆ 2+ ಇದೆ, 3+ ಇದೆ. "ತಾಮ್ರ ಕಬ್ಬಿಣವನ್ನು ಹೊರಹಾಕುವುದಿಲ್ಲ, ಹಾಗಾಗಿ ಫೆರಿಕ್ ಕ್ಲೋರೈಡ್‌ಗೆ ತಾಮ್ರ ಹಾಕಿದರೆ ಏನೂ ಆಗದು" ಎಂದು ಬರೆದರೆ ಎಲೆಕ್ಟ್ರಾನಿಕ್ಸ್ ಹುಡುಗರು ನಗುತ್ತಾರೆ. ಅವರು ಸರ್ಕ್ಯೂಟ್ ಬೋರ್ಡಿನ ಬೇಡದ ತಾಮ್ರವನ್ನು ಕರಗಿಸುವುದೇ ಅದರಲ್ಲಿ. ಫೆರಿಕ್ ಎಂದರೆ ಕಬ್ಬಿಣ³⁺. ಅದು ಒಂದು ಎಲೆಕ್ಟ್ರಾನ್ ಪಡೆದು ಕಬ್ಬಿಣ²⁺ ಆಗುವ ವಿಭವ +0.77. ತಾಮ್ರದ 0.34 ಕಳೆದರೆ +0.43. ತಾಮ್ರ ಕರಗುತ್ತದೆ, ಆದರೆ ಕಬ್ಬಿಣ ಲೋಹವಾಗಿ ಬರುವುದಿಲ್ಲ. ಅಂದರೆ ಎಲೆಕ್ಟ್ರಾನ್ ಕೈ ಬದಲಾಯಿತು, ಸ್ಥಾನಪಲ್ಲಟ ಆಗಲಿಲ್ಲ. ಇದೇ ಕಾರಣಕ್ಕೆ ಕತ್ತಿಯಿಂದ ಮೊದಲು ಹೊರಡುವುದೂ ಕಬ್ಬಿಣ²⁺, 3+ ಅಲ್ಲ. ಉತ್ತರಪತ್ರಿಕೆಯಲ್ಲಿ ಫೆರಿಕ್ ಸಲ್ಫೇಟ್ ಬರೆದು ಅಂಕ ಕಳೆದುಕೊಳ್ಳಬೇಡಿ.

ಮೂರನೆಯದು, ಅಯಾನನ್ನು ತಬ್ಬಿ ಹಿಡಿಯುವ ಪದಾರ್ಥಗಳು. ಕೋಲಾರದ ಕೆಜಿಎಫ್‌ನಲ್ಲಿ ಸಯನೈಡ್ ಗುಡ್ಡಗಳನ್ನು (ಚಿನ್ನ ತೆಗೆದ ಮೇಲೆ ಸುರಿದ ಅದಿರಿನ ಪುಡಿಯ ರಾಶಿ) ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಟ್ಟಿಯಲ್ಲಿ ಚಿನ್ನ +1.50, ಗಾಳಿ ನೀರಿಗೆಲ್ಲ ಅದು ಜಗ್ಗುವುದಿಲ್ಲ. ಆದರೆ ತೆಳು ಸಯನೈಡ್ ನೀರಿನಲ್ಲಿ ಚಿನ್ನದ ಅಯಾನನ್ನು ಸಯನೈಡ್ ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದರೆ ವಿಭವ ಸುಮಾರು −0.60ಕ್ಕೆ ಕುಸಿಯುತ್ತದೆ. ಆಗ ಬರೀ ಗಾಳಿಯ ಆಮ್ಲಜನಕ ಸಾಕು, ಚಿನ್ನ ಕರಗುತ್ತದೆ. ಹಾಗೆ ಕರಗಿದ ಚಿನ್ನವನ್ನು ವಾಪಸ್ ತೆಗೆಯಲು ಸತುವಿನ ಪುಡಿ ಹಾಕುವುದು ಒಂದು ಹಳೆಯ ವಿಧಾನ. ಸತುವಿನ ವಿಭವವೂ ಸಯನೈಡ್‌ನಲ್ಲಿ ಇಳಿಯುತ್ತದೆ, ಸುಮಾರು −1.26ಕ್ಕೆ. ವ್ಯತ್ಯಾಸ +0.66. ಸತು ಕರಗುತ್ತದೆ, ಚಿನ್ನ ಬೀಳುತ್ತದೆ. ಪಟ್ಟಿಯ 1.50 ಮತ್ತು −0.76 ಹಿಡಿದು ಲೆಕ್ಕ ಹಾಕಿದ್ದರೆ 2.26 ಬರುತ್ತಿತ್ತು. ದಿಕ್ಕು ಸರಿ, ಸಂಖ್ಯೆ ಪೂರ್ತಿ ತಪ್ಪು. ಅಮೋನಿಯಾ, ಸಯನೈಡ್‌ನಂಥವು ಲೋಟದಲ್ಲಿದ್ದರೆ ಮಾಮೂಲಿ ಪಟ್ಟಿ ಮಡಚಿಡಿ, ಅವು ಲೋಹವನ್ನು ಹಿಡಿದು ಆದ ಸಂಕೀರ್ಣ ಅಯಾನಿನ ವಿಭವವನ್ನೇ ಹುಡುಕಿ.

ಇನ್ನು ಎರಡು ಮೂರು ಅಯಾನು ಒಟ್ಟಿಗೆ ಇದ್ದರೆ? ವಿಭವ ಜಾಸ್ತಿ ಇರುವುದು ಮೊದಲು ಇಳಿಯುತ್ತದೆ. ಬೆಳ್ಳಿ ಮತ್ತು ತಾಮ್ರ ಎರಡೂ ಇರುವ ನೀರಿಗೆ ಸತು ಹಾಕಿದರೆ ಬೆಳ್ಳಿಗೆ ಮೊದಲ ಪಾಳಿ.

ಹೆಜ್ಜೆ 7: ಆಗುತ್ತದೆ ಸರಿ, ಯಾವಾಗ?

ವೋಲ್ಟ್ ದಿಕ್ಕು ಹೇಳುತ್ತದೆ, ವೇಗ ಹೇಳುವುದಿಲ್ಲ. ಇದನ್ನು ಕೈಯಾರೆ ನೋಡಬೇಕೆಂದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಲೆಕ್ಕ ಭರ್ಜರಿಯಾಗಿದೆ: 0.34 − (−1.66) = +2.00 ವೋಲ್ಟ್, ಕತ್ತಿಯದಕ್ಕಿಂತ ಎರಡೂವರೆ ಪಟ್ಟು. ಫಾಯಿಲ್ ಚೂರನ್ನು ಮೈಲುತುತ್ತದ ನೀರಿಗೆ ಹಾಕಿ ಕಾಯಿರಿ. ಕಾಯುತ್ತಲೇ ಇರಿ. ಹೇಳಿಕೊಳ್ಳುವಂಥದ್ದು ಏನೂ ಕಾಣುವುದಿಲ್ಲ. ಈಗ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಕಿ. ಸ್ವಲ್ಪ ಹೊತ್ತಿನಲ್ಲೇ ಫಾಯಿಲ್ ಮೇಲೆ ಕಂದು ಕಲೆ ಏಳುತ್ತದೆ, ಲೋಟ ಬಿಸಿಯಾಗುತ್ತದೆ, ಗುಳ್ಳೆ ಬರುತ್ತದೆ, ಫಾಯಿಲ್ ತೂತು ತೂತಾಗಿ ಕರಗುತ್ತದೆ. ಗಾಜಿನ ಲೋಟ, ಸ್ವಲ್ಪವೇ ದ್ರಾವಣ, ತೆರೆದ ಕಿಟಕಿ. ಮಕ್ಕಳು ಹತ್ತಿರ ಇದ್ದರೆ ಕೈ ಹಾಕಲು ಬಿಡಬೇಡಿ, ಉಳಿದ ನೀಲಿ ನೀರನ್ನು ಮೀನಿನ ಕೆರೆಗೆ ಚೆಲ್ಲಬೇಡಿ.

ಉಪ್ಪು ವೋಲ್ಟ್ ಕೊಡಲಿಲ್ಲ. ಅಲ್ಯೂಮಿನಿಯಂ ಮೇಲೆ ಸದಾ ಇರುವ ತೆಳು ಆಕ್ಸೈಡ್ ಪದರವನ್ನು ಕ್ಲೋರೈಡ್ ಒಡೆಯಿತು, ಅಷ್ಟೇ. ಬೀಗ ತೆಗೆಯಿತು ಅನ್ನಿ.

ಸತು ತಯಾರಿಸುವ ಕಾರ್ಖಾನೆಗಳಿಗೂ ಇದೇ ತಲೆನೋವು. ಸತುವಿನ ದ್ರಾವಣದಲ್ಲಿ ಬೆರೆತ ತಾಮ್ರ, ಕ್ಯಾಡ್ಮಿಯಂಗಳನ್ನು ಸತುವಿನ ಪುಡಿ ಹಾಕಿ ಸಲೀಸಾಗಿ ತೆಗೆಯುತ್ತಾರೆ. ಕೋಬಾಲ್ಟ್ ಮಾತ್ರ ಹಠಮಾರಿ. ಪಟ್ಟಿಯಲ್ಲಿ −0.28 − (−0.76) = +0.48, ಆರಾಮಾಗಿ ಬರಬೇಕಿತ್ತು. ಬರುವುದಿಲ್ಲ. ದ್ರಾವಣ ಬಿಸಿ ಮಾಡಿ, ಆಂಟಿಮನಿ ಅಥವಾ ಆರ್ಸೆನಿಕ್ ಸಂಯುಕ್ತ ಸ್ವಲ್ಪ ಸೇರಿಸಿ ಅದನ್ನು ಓಲೈಸಬೇಕು.

ಲೆಕ್ಕ ನಂಬಿಕೆ ಬರದಿದ್ದರೆ ಮೀಟರ್ ಹಿಡಿಯಿರಿ

ಜಾನ್ ಫ್ರೆಡೆರಿಕ್ ಡೇನಿಯಲ್ 1836ರಲ್ಲಿ ಮಾಡಿದ್ದು ಇದನ್ನೇ: ಸತು ಮತ್ತು ತಾಮ್ರ ನೇರವಾಗಿ ಜಗಳ ಆಡದಂತೆ ಬೇರೆ ಬೇರೆ ಕೂರಿಸಿ, ಎಲೆಕ್ಟ್ರಾನ್ ತಂತಿಯ ಮೂಲಕ ಹೋಗುವ ಹಾಗೆ ಮಾಡಿದ. ಬಣ್ಣ ಬಳಿಯದ ಸಣ್ಣ ಮಣ್ಣಿನ ಕುಂಡ ತಗೊಳ್ಳಿ, ತಳದ ತೂತು ಮುಚ್ಚಿ. ಒಳಗೆ ಸತುವಿನ ಸಲ್ಫೇಟ್ ನೀರು ಮತ್ತು ಸತುವಿನ ಪಟ್ಟಿ, ಹೊರಗೆ ಮೈಲುತುತ್ತದ ನೀರು ಮತ್ತು ತಾಮ್ರದ ಪಟ್ಟಿ. ಕುಂಡ ಒದ್ದೆಯಾಗುವ ತನಕ ಕಾದು ಮಲ್ಟಿಮೀಟರ್ ಇಡಿ. ಲೆಕ್ಕದಲ್ಲಿ 0.34 − (−0.76) = 1.10. ಮೀಟರ್ ಸುಮಾರು ಅಷ್ಟೇ ತೋರಿಸುತ್ತದೆ. ನಿಮ್ಮ ಬಳಿ ಇರುವ ಲೋಹ ಯಾವುದೇ ಇರಲಿ, ಅದನ್ನು ಅದರದ್ದೇ ಉಪ್ಪಿನ ನೀರಿನಲ್ಲಿಟ್ಟು ತಾಮ್ರದ ಜೊತೆ ಅಳೆದರೆ ನಿಮ್ಮದೇ ಪಟ್ಟಿ ತಯಾರು. ಮೀಟರ್‌ನಲ್ಲಿ ಮೈನಸ್ ಬಿದ್ದ ಕಡೆಯ ಲೋಹ ಕರಗುತ್ತದೆ, ಪ್ಲಸ್ ಕಡೆಯದ್ದು ಅಂಟುತ್ತದೆ.

ಮೀಟರ್ ಇಲ್ಲದೆಯೂ ನಾನು ಒಮ್ಮೆ ಇದನ್ನು ಕಲಿತಿದ್ದೆ. ಪ್ಲಾಸ್ಟಿಕ್ ಡ್ರಮ್ ಸಿಗಲಿಲ್ಲ ಎಂದು ಸತು ಲೇಪನದ ತಗಡಿನ ಬಕೆಟ್‌ನಲ್ಲಿ ಮೈಲುತುತ್ತ ಕರಗಿಸಿದೆ. ಬೆಳಿಗ್ಗೆ ನೋಡಿದರೆ ಬಕೆಟ್ ಒಳಗೆಲ್ಲ ಕಪ್ಪು-ಕಂದು ಕೆಸರು, ನೀರಿನ ನೀಲಿ ಅರ್ಧ ಮಾಯ. 1.10 ವೋಲ್ಟ್ ರಾತ್ರಿಯಿಡೀ ಕೆಲಸ ಮಾಡಿತ್ತು. ಸತು ಮುಗಿದ ಕಡೆ ಕಬ್ಬಿಣದ ಸರದಿಯೂ ಶುರುವಾಗಿತ್ತು.

ಮತ್ತೆ ಕತ್ತಿಗೆ

ಈಗ ಸುಣ್ಣ ಸರಿಯಾಗಿ ಬಿದ್ದ ಬೋರ್ಡೋ ದ್ರಾವಣಕ್ಕೆ ಇದೇ ಹೆಜ್ಜೆಗಳನ್ನು ಹಾಕಿ ನೋಡೋಣ. ಸುಣ್ಣ ತಾಮ್ರವನ್ನು ಹೈಡ್ರಾಕ್ಸೈಡ್ ತರಹದ ನೀಲಿ ಗಸಿ ಮಾಡಿಬಿಡುತ್ತದೆ. ದ್ರಾವಣದ ಪಿಎಚ್ 8 ಎಂದಿಟ್ಟುಕೊಂಡರೆ ಕರಗಿ ಉಳಿಯುವ ತಾಮ್ರದ ಅಯಾನು ಸುಮಾರು 0.00000002 ಮೋಲಾರ್. 1 ಕೆಜಿ ಮೈಲುತುತ್ತದಲ್ಲಿ ಸುಮಾರು 254 ಗ್ರಾಂ ತಾಮ್ರ ಇದೆ. ಅದರಲ್ಲಿ ಈಗ ಅಯಾನಾಗಿ ಓಡಾಡುತ್ತಿರುವುದು ಇಡೀ ಡ್ರಮ್‌ಗೆ ಒಂದು ಮಿಲಿಗ್ರಾಂನ ಏಳೆಂಟನೇ ಒಂದು ಭಾಗ.

ವಿಭವ? 0.34 + 0.0295 × (−7.7), ಅಂದರೆ ಸುಮಾರು +0.11. ಕಬ್ಬಿಣದ −0.44 ಕಳೆದರೆ +0.55.

ಇನ್ನೂ ಪ್ಲಸ್! ಲೆಕ್ಕ ಹೌದು ಎನ್ನುತ್ತಿದೆ, ಕತ್ತಿ ಇಲ್ಲ ಎನ್ನುತ್ತಿದೆ. ನನಗೂ ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ಚಿಹ್ನೆ ತಪ್ಪಿರಬೇಕು ಅನ್ನಿಸಿತ್ತು. ತಪ್ಪಿರಲಿಲ್ಲ. ಕತ್ತಿಯನ್ನು ಉಳಿಸುತ್ತಿರುವುದು ಏಳನೇ ಹೆಜ್ಜೆ. ಕತ್ತಿಯ ಹತ್ತಿರ ಸುಳಿಯುವ ಅಯಾನುಗಳು ತೀರಾ ಕಡಿಮೆ, ಸ್ವಲ್ಪ ಹೊತ್ತಿನಲ್ಲಿ ಕಣ್ಣಿಗೆ ಕಾಣುವಷ್ಟು ತಾಮ್ರ ಬಂದು ಕೂರಲು ಸಾಧ್ಯವಿಲ್ಲ. ಜೊತೆಗೆ ಸುಣ್ಣದ ಕ್ಷಾರದಲ್ಲಿ ಕಬ್ಬಿಣ ತನ್ನ ಮೇಲೊಂದು ತೆಳು ರಕ್ಷಣೆಯ ಪದರ ಕಟ್ಟಿಕೊಳ್ಳುತ್ತದೆ. ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳು ತುಕ್ಕು ಹಿಡಿಯದೆ ಇರುವುದೂ ಹೀಗೆಯೇ.

ಹಾಗಾಗಿ ಕತ್ತಿಯ ಪರೀಕ್ಷೆ ಅಳೆಯುವುದು ವೋಲ್ಟನ್ನಲ್ಲ, ಬಿಡಿ ತಾಮ್ರ ಎಷ್ಟಿದೆ ಎಂಬುದನ್ನು. ತೋಟಕ್ಕೆ ಬೇಕಾದದ್ದೂ ಅದೇ, ಎಳೆ ಕಾಯಿ ಮತ್ತು ಹಿಂಗಾರವನ್ನು ಸುಡುವುದು ಬಿಡಿ ತಾಮ್ರವೇ. ಕೆಂಪು ಬಂದರೆ ಅನುಮಾನವೇ ಬೇಡ, ಸುಣ್ಣ ಹಾಕಿ. ಕೆಂಪು ಬರದಿದ್ದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಎಣ್ಣೆ ಹಚ್ಚಿದ ಕತ್ತಿ, ತುಕ್ಕು ಹಿಡಿದ ಕತ್ತಿ, ಸ್ಟೀಲಿನ ಅಡುಗೆ ಚಾಕು, ಇವೆಲ್ಲ ಸುಳ್ಳು ಹೇಳಬಲ್ಲವು. ಅದಕ್ಕೆ ಅದ್ದುವ ಮೊದಲು ಮರಳು ಕಾಗದದಲ್ಲಿ ಉಜ್ಜಿ, ಮೊದಲು ಬರೀ ಮೈಲುತುತ್ತದ ನೀರಿನಲ್ಲಿ ಅದ್ದಿ ಕೆಂಪಾಗುತ್ತದೆಯೇ ನೋಡಿ, ಒರೆಸಿ ಮತ್ತೆ ಉಜ್ಜಿ, ಆಮೇಲೆ ಡ್ರಮ್‌ಗೆ ಅದ್ದಿ. ಕೆಂಪು ಲಿಟ್ಮಸ್ ಕಾಗದ ಒಂದು ಚೂರು ಜೇಬಿನಲ್ಲಿರಲಿ. ಅದು ನೀಲಿಯಾಗಿ, ಕತ್ತಿಯೂ ಹೊಳೆಯುತ್ತಿದ್ದರೆ ಮಳೆ ಬಿಡುವು ಕೊಟ್ಟ ಹೊತ್ತಿಗೆ ಔಷಧಿ ಹೊಡೆಯಲು ಶುರು ಮಾಡಬಹುದು.